ಮೊದಲು ಎಷ್ಟಿತ್ತು?

ತರಗತಿಯಲ್ಲಿ ಆ ಹುಡುಗಿಗೆ ಸೊನ್ನೆರಾಣಿ ಎಂದು ಹೆಸರು ಬಿದ್ದಿತ್ತು. ಅಂಕ ಸೊನ್ನೆ ಬರುತ್ತಿತ್ತೆಂದಲ್ಲ, ಲೆಕ್ಕದಲ್ಲಿ ಮಹಾ ಚುರುಕು. ಆದರೆ ವಿಶ್ವವಿದ್ಯಾಲಯದ ಮೊದಲ ವರ್ಷದ ಅವಕಲ ಸಮೀಕರಣ, ಅಂದರೆ ಹೊತ್ತು ಹೋದಂತೆ ಬದಲಾಗುವುದರ ಲೆಕ್ಕ, ಇದೆಯಲ್ಲ, ಅರ್ಧ ಕ್ಲಾಸಿಗೆ ಕಬ್ಬಿಣದ ಕಡಲೆಯಾದದ್ದು, ಅದರಲ್ಲಿ ಇವಳದೊಂದು ಚಾಳಿ. ಶುರುವಿನಲ್ಲಿ ಎಷ್ಟಿತ್ತೆಂದು ನೋಡುವ ತಾಳ್ಮೆಯೇ ಇಲ್ಲ, ಸೊನ್ನೆ ಬರೆದು ಮುಂದೆ ಓಡುವುದು. ಬಿಸಿ ಲೋಟ ಆರುವ ಲೆಕ್ಕಕ್ಕೂ ಸೊನ್ನೆ ಹಾಕಿದಾಗ, ಮಂಜುಗಡ್ಡೆ ಆರಿಸ್ತಿದ್ದೀಯೇನಮ್ಮಾ ಎಂದು ಮೇಷ್ಟ್ರು ಕ್ಲಾಸನ್ನೇ ನಗಿಸಿದ್ದರು. ಅವಳ ಪ್ರತಿ ಹಾಳೆಯ ಅಂಚಿನಲ್ಲೂ ಅವರ ಕೆಂಪು ಶಾಯಿಯ ಪ್ರಶ್ನೆ ಅದೇ: ಮೊದಲು ಎಷ್ಟಿತ್ತು?

ಮನೆಯಲ್ಲಿ ಅಜ್ಜಿಯ ಎದೆಬಡಿತದ ಮಾತ್ರೆ ಇವಳ ಜವಾಬ್ದಾರಿ. ಅಮ್ಮ ಬೆಳಗಾದರೆ ಹೊಲಿಗೆ ಕಾರ್ಖಾನೆಗೆ ಹೋಗುವವಳು. ಅಜ್ಜಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಾಗ ಚೀಟಿಯಲ್ಲಿ ಬರೆದಿತ್ತು: ಮೊದಲ ನಾಲ್ಕು ದಿನ ಬೆಳಗ್ಗೆ ಒಂದು, ಸಂಜೆ ಒಂದು, ಆಮೇಲೆ ದಿನಕ್ಕೆ ಒಂದೇ. ಮನೆಗೆ ಬಂದ ದಿನವನ್ನೇ ಮೊದಲ ದಿನವೆಂದು ಎಣಿಸಿ ಅವಳು ಚಾಚೂ ತಪ್ಪದೆ ಕೊಡುತ್ತಿದ್ದಳು.

ನಾಲ್ಕನೆಯ ಬೆಳಗ್ಗೆ ಅಜ್ಜಿ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ, ಗೋಡೆ ಯಾವಾಗ ಹಳದಿ ಆಯಿತೆಂದು ಕೇಳಿದಳು. ಗೋಡೆ ಅಚ್ಚ ಬಿಳಿ. ಪರೀಕ್ಷೆಯ ಗಡಿಬಿಡಿಯಲ್ಲಿದ್ದ ಮೊಮ್ಮಗಳು, ಕನ್ನಡಕ ಒರೆಸಿಕೋ ಅಜ್ಜಿ ಎಂದು ತಮಾಷೆ ಮಾಡಿ ಬೆಳಗಿನ ಮಾತ್ರೆ ಕೊಟ್ಟು ಓಡಿದಳು. ಅಯ್ಯೋ, ಒಂದು ಗಳಿಗೆ ನಿಂತಿದ್ದರೆ!

ಪರೀಕ್ಷೆಯ ಮೂರನೆಯ ಪ್ರಶ್ನೆ ಔಷಧದ್ದು. ದಿನಕ್ಕೆ ಇಷ್ಟು ಮೈಗೆ ಸೇರುತ್ತದೆ, ಇಷ್ಟು ಕರಗಿಹೋಗುತ್ತದೆ, ವಾರದ ಕೊನೆಗೆ ಎಷ್ಟಿರುತ್ತದೆ? ಅಭ್ಯಾಸಬಲದಿಂದ ಸೊನ್ನೆ ಬರೆದಳು. ಕೆಂಪು ಶಾಯಿ ನೆನಪಾಗಿ, ಈ ಸಲವಾದರೂ ಬೈಸಿಕೊಳ್ಳಬಾರದೆಂದು ಪ್ರಶ್ನೆಯನ್ನು ಮತ್ತೆ ಓದಿದಳು. ರೋಗಿಗೆ ಔಷಧ ಶುರುವಾದದ್ದು ಆಸ್ಪತ್ರೆಯಲ್ಲೇ ಎಂದಿತ್ತು.

ಅಜ್ಜಿಯ ಚೀಟಿ ನೆನಪಾಯಿತು. ಚೀಟಿಯ ಆ ಮೊದಲ ನಾಲ್ಕು ದಿನ ಆಸ್ಪತ್ರೆಯಲ್ಲೇ ಮುಗಿದಿದ್ದವು. ಬಿಳಿ ಗೋಡೆ ಹಳದಿ ಕಂಡದ್ದೂ ಮೈಯಲ್ಲಿ ಮಾತ್ರೆ ಹೆಚ್ಚಾಗಿಯೇ. ಹಾಳೆಯನ್ನು ಮೇಷ್ಟ್ರ ಮೇಜಿನ ಮೇಲೆ ಹಾಕಿ, ಅವರು ಕರೆಯುತ್ತಿದ್ದರೂ ನಿಲ್ಲದೆ ಓಡಿದಳು.

ಅಜ್ಜಿ ಕಿಟಕಿಯ ಹತ್ತಿರ ಕುರ್ಚಿಗೆ ಒರಗಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಮೊಮ್ಮಗಳ ಹೆಜ್ಜೆ ಕೇಳಿ ನಿಧಾನಕ್ಕೆ ಕಣ್ಣು ಬಿಟ್ಟಳು.

"ಓದಿ ಓದಿ ಸುಸ್ತಾಗಿ ಬರ್ತೀಯ ಅಂತ ಸಂಜೆ ಮಾತ್ರೇನೂ ನಾನೇ ತಗೊಂಡೆ ಕಣೇ," ಎಂದಳು.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಜ್ಜಿಯ ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ. ಡಾಕ್ಟರು ಅವಳು ಕೈಗಿಟ್ಟ ಖಾಲಿ ಮಾತ್ರೆ ಸ್ಟ್ರಿಪ್ ನೋಡಿ, ಪೆನ್ನು ಹಿಡಿದುಕೊಂಡೇ ಕೇಳಿದರು.

"ಮನೆಗೆ ಬರೋ ಮೊದಲು ಎಷ್ಟಾಗಿತ್ತು?"

ಹುಡುಗಿ ಬೆರಳು ಮಡಚಿ ಎಣಿಸಿದಳು.

"ಎಂಟು," ಎಂದಳು. "ಮನೇಲಿ ನಾನು ಮತ್ತೆ ಸೊನ್ನೆಯಿಂದ ಶುರು ಮಾಡ್ಬಿಟ್ಟೆ, ಡಾಕ್ಟ್ರೇ. ಅದರ ಮೇಲೆ ಇನ್ನೂ ಎಂಟಾಗಿದೆ."

ಡಾಕ್ಟರು ಏನೂ ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು ನರ್ಸನ್ನು ಕೂಗಿದರು.