ಛತ್ರಿ ಹಿಡಿದ ಕಾಗೆ

ಇಂದು ಭಾನುವಾರ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿದೆ. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಹೆಸರುಬೇಳೆ ಆರಿಸಿದೆ, ಎರಡು ಕಲ್ಲು ಸಿಕ್ಕವು. ಯಜಮಾನರ ಅಂಗಿಗೆ ಗುಂಡಿ ಹಚ್ಚಿಕೊಟ್ಟೆ. ರೊಟ್ಟಿ ಬಡಿದೆ. ಹನ್ನೆರಡರ ಹೊತ್ತಿಗೆ ಒಂದು ಕಾಗೆ ಹೊಡೆದೆ.

ಕೊನೆಯದನ್ನು ಓದಿ ಗಾಬರಿಯಾಗಬೇಡಿ. ಅದು ಟಿವಿಯೊಳಗಿನ ಕಾಗೆ. ಮೂವತ್ತು ವರ್ಷದಿಂದ ನನ್ನ ಮರ್ಯಾದೆಯ ಮೇಲೆ ಕೂತು ಕಾ ಕಾ ಅನ್ನುತ್ತಿದ್ದ ಕಾಗೆ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಹಾನಗಲ್ಲಿನ ನಮ್ಮ ಮನೆಗೆ ಅಪ್ಪ ಹುಬ್ಬಳ್ಳಿಯಿಂದ ಒಂದು ಟಿವಿ ಗೇಮು ತಂದಿದ್ದ. ಜೊತೆಗೆ ವೈರು ಹಚ್ಚಿದ ಪ್ಲಾಸ್ಟಿಕ್ ಬಂದೂಕು. ಓಣಿಯ ಉಳಿದ ಮಕ್ಕಳೆಲ್ಲ ತಮ್ಮ ಟಿವಿಯಲ್ಲಿ ಬಾತುಕೋಳಿ ಹೊಡೆಯುತ್ತಿದ್ದರೆ, ನಮ್ಮ ಪಾಲಿಗೆ ಬಂದದ್ದು ಯಾರೂ ಹೆಸರು ಕೇಳದ ಆಟ. ಕ್ಯಾಸೆಟ್ಟಿನ ಮೇಲಿನ ಅಕ್ಷರ ಚೀನಾದ್ದೋ ಜಪಾನಿನದೋ ಇಂದಿಗೂ ತಿಳಿಯದು. ಚಾಪೆಯ ಮೇಲೆ ಕೆಂಪಗೆ ಏನೋ ಹರವಿರುತ್ತದೆ, ಕಾಗೆಗಳು ಬಂದು ಒಂದೊಂದನ್ನೇ ಕಚ್ಚಿ ಒಯ್ಯುತ್ತವೆ, ನಾವು ಹೊಡೆಯಬೇಕು. ಕೆಂಪಗಿನದು ಮೆಣಸಿನಕಾಯಿ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದೆವು. ನಮ್ಮ ಸೀಮೆಯವರಿಗೆ ಬೇರೇನು ಹೊಳೆದೀತು? ಕಾಗೆ ಮೆಣಸಿನಕಾಯಿಯನ್ನು ಯಾಕೆ ಒಯ್ಯುತ್ತದೆಂದು ಯಾರೂ ಕೇಳಲಿಲ್ಲ.

ಬಂದೂಕು ಸದಾ ಅಣ್ಣನ ಕೈಯಲ್ಲಿ. ಅವನೋ, ಒಂಬತ್ತನೆಯ ಸುತ್ತು ಎಂದೂ ದಾಟಿದವನಲ್ಲ. ಮಹಾನವಮಿಯ ಹಿಂದಿನ ದಿನ ನನಗೆ ಜ್ವರ; ಉಳಿದವರೆಲ್ಲ ಸಂತೆಗೆ ಹೋಗಿದ್ದರು. ಕಂಬಳಿ ಹೊದ್ದು, ಕುರುಕ್ಷೇತ್ರಕ್ಕೆ ಹೊರಟವಳಂತೆ ಬಂದೂಕು ಹಿಡಿದು ಕೂತೆ. ಒಂಬತ್ತನೆಯ ಸುತ್ತು ದಾಟಿತು! ಕಡೆಯಲ್ಲಿ ಬಂದ ದೊಡ್ಡ ಕಾಗೆ ಏಟು ತಿಂದು ದೊಪ್ಪನೆ ಬೀಳಲಿಲ್ಲ. ರೆಕ್ಕೆಯಿಂದ ಒಂದು ಛತ್ರಿ ತೆಗೆದು, ಬಿಚ್ಚಿ, ತೇಲುತ್ತ ಇಳಿದು ನನಗೆ ನಮಸ್ಕಾರ ಮಾಡಿತು.

“ಕಾಗಿ ಛತ್ರಿ ಹಿಡೀತ? ಜ್ವರಾ ನೆತ್ತಿಗೇರೇತಿ ನಿನಗ,” ಎಂದ ಸಂತೆಯಿಂದ ಬಂದ ಅಣ್ಣ.

ನಾಳೆ ತೋರಿಸುತ್ತೇನೆಂದೆ. ನಾಳೆ ಮಹಾನವಮಿ, ಆಯುಧಗಳಿಗೆ ಖಂಡೇ ಪೂಜೆ. ಕುಡುಗೋಲು, ಈಳಿಗೆ, ಅಪ್ಪನ ಸೈಕಲ್ಲು, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಅವ್ವ ಬಂದೂಕನ್ನೂ ಇಟ್ಟಳು. ಆಯುಧವೆಂದ ಮೇಲೆ ಆಯುಧವೇ. ಪೂಜೆಯಾದದ್ದನ್ನು ದಶಮಿಯವರೆಗೆ ಮುಟ್ಟುವಂತಿಲ್ಲ. ಬನ್ನಿ ಹಂಚಿ ಬಂದು ಬಂದೂಕು ಹಿಡಿದರೆ ಒಂದು ಕಾಗೆಗೂ ಏಟು ಬೀಳಲೊಲ್ಲದು. ಅಂದಿನಿಂದ ನನ್ನ ಮೇಲೆ ಎರಡು ಆರೋಪ: ಬಂದೂಕು ಕೆಡಿಸಿದೆ, ಮೇಲೆ ಸುಳ್ಳು ಹೇಳಿದೆ. ‘ಛತ್ರಿ ಕಾಗಿ’ ಎಂಬ ಹೆಸರು ನನ್ನೊಂದಿಗೆ ಸವಣೂರಿನ ಗಂಡನ ಮನೆಗೂ ಬಂತು. ಮದುವೆಯ ಹಂದರದಲ್ಲೇ ಅಣ್ಣ ಬೀಗರಿಗೆಲ್ಲ ಅದರ ಪುರಾಣ ಹೇಳಿದ್ದ. ಎಣ್ಣೆಯ ಬೆಲೆ ಏರಿದ್ದನ್ನು ಹೇಳಿದರೂ “ಛತ್ರಿ ಹಿಡದಿತ್ತೇನ ಎಣ್ಣಿ?” ಎನ್ನುವವರು ನಮ್ಮ ಮನೆಯಲ್ಲಿದ್ದಾರೆ.

ಈಗ ಹಾನಗಲ್ಲಿನ ಮನೆಗೆ ಸುಣ್ಣ ಬಳಿಯುವಾಗ ಅಟ್ಟದಲ್ಲಿ ಆ ಟಿವಿ ಗೇಮಿನ ಡಬ್ಬಿ ಸಿಕ್ಕಿದೆ. ಅಣ್ಣ ಅವ್ವನನ್ನೂ ಅದನ್ನೂ ಕರೆದುಕೊಂಡು ಇಂದು ಬೆಳಗಿನ ಬಸ್ಸಿಗೆ ಬಂದ. ಚಹಾ ಕುಡಿಯುವ ಮೊದಲೇ ಶರತ್ತು.

“ನೋಡ ಸುಮ್ಮಿ, ಇವತ್ತ ಛತ್ರಿ ಬಿಚ್ಚಲಿಲ್ಲಂದ್ರ, ಸುಳ್ಳ ಹೇಳಿದ್ನಿ ಅಂತ ಅವ್ವನ ಮುಂದ ಒಪ್ಕೋಬೇಕು.”

ಒಪ್ಪಿದೆ. ಗೋಡೆಯ ಟಿವಿಗೆ ಹೇಗೋ ವೈರು ಸಿಕ್ಕಿಸಿದೆವು. ಚಿತ್ರ ಬಂತು, ಕಾಗೆ ಬಂದವು, ಏಟು ಮಾತ್ರ ಇಲ್ಲ. ಅಣ್ಣನ ಮುಖ ಅರಳುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು, ಎರಡು ಮನೆ ಆಚೆ ರೇಡಿಯೋ ಟಿವಿ ರಿಪೇರಿ ಮಾಡುವ ಮೌಲಾಸಾಬರ ಅಂಗಡಿಗೆ ಎಲ್ಲರನ್ನೂ ಹೊರಡಿಸಿದೆ.

“ಅಕ್ಕಾರ, ಆ ಚಪ್ಪಟಿ ಟಿವಿಗೆ ಇದು ನಡಿಯಂಗಿಲ್ರಿ. ದೊಡ್ಡ ಹೊಟ್ಟಿ ಟಿವಿನ ಬೇಕು,” ಎಂದು ಅವರು ಮೂಲೆಯಲ್ಲಿದ್ದ ಹಳೆಯದೊಂದರ ಮೇಲಿನ ಬಟ್ಟೆ ಸರಿಸಿದರು. ಅವರಿಂದಲೇ ನನಗೆ ತಿಳಿದದ್ದು: ಬೆರಳಿನಿಂದ ಬಂದೂಕಿನ ಕುದುರೆ ಒತ್ತಿದ ಕ್ಷಣ ಪರದೆಯೆಲ್ಲ ಕಪ್ಪಾಗಿ, ಕಾಗೆಯಿದ್ದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ, ಆ ಬೆಳಕು ಬಂದೂಕಿನ ಮೂತಿಯೊಳಗೆ ಬಿದ್ದರೆ ಏಟು ಬಿದ್ದಂತೆ. ನಮ್ಮ ಕಣ್ಣಿಗೆ ಅದು ಸಿಗುವುದೇ ಇಲ್ಲ. ಅಂದರೆ ಅದು ಹೊಡೆಯುವ ವಸ್ತುವಲ್ಲ, ನೋಡುವ ವಸ್ತು. ಒಂದು ಕಣ್ಣನ್ನು ಹಿಡಿದುಕೊಂಡು ಬಂದೂಕೆಂದು ಇಷ್ಟು ವರ್ಷ ಜಗಳಾಡಿದ್ದೇವೆ.

ದೊಡ್ಡ ಹೊಟ್ಟೆಯ ಟಿವಿಯಲ್ಲೂ ಏಟು ಬೀಳಲಿಲ್ಲ. “ಆತಲ್ಲ?” ಎಂದ ಅಣ್ಣ. ಮೌಲಾಸಾಬರು ಟಾರ್ಚು ಹಿಡಿದು ಮೂತಿಯೊಳಗೆ ಇಣುಕಿದರು.

“ಇದರ ಕಣ್ಣಿಗೆ ಯಾರೋ ಏನೋ ಮೆತ್ಯಾರಲ್ರಿ. ಬೆಳ್ಳಗ ಐತಿ, ನಡುವ ಕೆಂಪ.”

ಎಲ್ಲರೂ ಅವ್ವನ ಕಡೆ ತಿರುಗಿದೆವು.

“ಮತ್ತ ಎಲ್ಲಿ ಹಚ್ಚಬೇಕಿತ್ತು? ಮಾರಿ ಇದ್ದಲ್ಲೇ ಹಚ್ಚೇನಿ,” ಎಂದಳು ಅವ್ವ. ಅಂದಿನ ಖಂಡೇ ಪೂಜೆಯಲ್ಲಿ ಕಲಸಿ ಹಚ್ಚಿದ ವಿಭೂತಿ, ಅದರ ಮೇಲೆ ಕುಂಕುಮ. ಮೂತಿಯೊಳಗಿನ ಗಾಜಿನ ಮೇಲೆ ಗಾರೆಯಂತೆ ಒಣಗಿ ಕೂತಿತ್ತು.

ಮೌಲಾಸಾಬರು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ, ಕೂಸಿನ ಕಣ್ಣಿನ ಪಿಸುರು ತೆಗೆಯುವ ಹಾಗೆ ಒರೆಸಿದರು. ಮೊದಲ ಏಟಿಗೇ ಕಾಗೆ ಬಿತ್ತು. ಕೆಡಿಸಿದ ಆರೋಪ ಅಲ್ಲಿಗೆ ಮುಗಿಯಿತು, ಸುಳ್ಳಿನದು ಉಳಿಯಿತು. ಅಣ್ಣ ಮೊದಲು ಆಡಿ ನಾಲ್ಕನೆಯ ಸುತ್ತಿನಲ್ಲಿ ಕೈಚೆಲ್ಲಿದ. ನಾನು ಕನ್ನಡಕ ಏರಿಸಿದರೆ ಬಂದೂಕು ಕಾಣದು, ಇಳಿಸಿದರೆ ಕಾಗೆ ಕಾಣದು. ಎರಡು ಸಲ ಸೋತೆ. ಮೂರನೆಯ ಸಲ ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತೆ. ಮೆಣಸಿನಕಾಯಿ ಒಂದೇ ಒಂದು ಉಳಿದಿತ್ತು. ದೊಡ್ಡ ಕಾಗೆ ಬಂತು. ಉಸಿರು ಹಿಡಿದು ಒತ್ತಿದೆ.

ಛತ್ರಿ ಬಿಚ್ಚಿತು! ಕಾಗೆ ತೇಲುತ್ತ ಇಳಿದು ನಮಸ್ಕಾರ ಮಾಡಿತು.

“ಅಯ್ಯ ಶಿವನ, ಖರೇನ ಹಿಡದೈತಿ ನೋಡೋ!” ಎಂದು ಅವ್ವ ಅಣ್ಣನ ಬೆನ್ನಿಗೆ ಗುದ್ದಿದಳು. ಅಣ್ಣ ಬೆನ್ನು ಸವರಿಕೊಂಡ. ಆಮೇಲೆ ಮೌಲಾಸಾಬರಿಗೆ ಹೇಳಿದ: “ನನ್ನ ತಂಗಿ ರೀ. ಸಣ್ಣಾಕಿದ್ದಾಗ್ಲೂ ಹಿಂಗ ಹೊಡೀತಿದ್ಲು.”

ನಾನು ಹೊಡೆದದ್ದನ್ನು ಅವನು ಕಂಡವನೇ ಅಲ್ಲ. ಬಂದೂಕು ಕೊಟ್ಟಿದ್ದರೆ ತಾನೆ! ಇವತ್ತಿನ ಸುಳ್ಳು ಅವನದು. ಆದರೆ ಅಷ್ಟು ಚೆಂದದ ಸುಳ್ಳಿಗೆ ಸಾಕ್ಷಿ ಕೇಳುವುದು ಸರಿಯಲ್ಲವೆಂದು ಸುಮ್ಮನಾದೆ.

ಮನೆಗೆ ಬಂದು ಬದನೆಕಾಯಿ ಎಣಗಾಯಿ, ರೊಟ್ಟಿ, ಮೊಸರನ್ನ, ಅದರ ಮೇಲೊಂದು ಹಿಡಿ ಗರಿಗರಿ ಖಾರಾ ತಿಂದೆವು. ಅವ್ವ ಎಲೆ ಅಡಿಕೆ ಹಾಕಿಕೊಂಡಳು, ಅಣ್ಣ ಪೇಪರು ಹಿಡಿದ. ನೆಂಟರು ಬಂದರೆ ಎಲ್ಲರೂ ಮಲಗುವವರೆಗೆ ಬೆನ್ನು ನೆಲಕ್ಕೆ ಹಚ್ಚದ ನಾನು, ಪಾತ್ರೆಗಳನ್ನು ಬಚ್ಚಲಲ್ಲಿ ಹಾಗೆಯೇ ಬಿಟ್ಟು, ಎಲ್ಲರಿಗಿಂತ ಮೊದಲು ನಿದ್ದೆ ಹೋದೆ.