ಒಳಗೆ ಬನ್ನಿ ಎನ್ನದ ವರ್ನೀಸ್

ಅಮೆರಿಕದ ಜಾರ್ಜಿಯಾ ರಾಜ್ಯದ ಆ ಸಣ್ಣ ಊರಿನಲ್ಲಿ ಕರಿಯರ ಕೇರಿಯ ಹೆಂಗಸರ ತಲೆಯೆಲ್ಲ ವರ್ನೀಸ್ ಟಾಲ್ಬರ್ಟಳ ಕೈಯಲ್ಲಿತ್ತು. ಬೋರ್ಡಿಲ್ಲ, ಕನ್ನಡಿಯ ಸಾಲಿಲ್ಲ, ಅಡುಗೆಮನೆಯೇ ಅಂಗಡಿ. ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ, ಎಣ್ಣೆ ಸವರಿದ ಗುಂಗುರು ಕೂದಲನ್ನು ನೆಟ್ಟಗೆ ಮಾಡುವ ಕೆಲಸ. ಯಾರೇ ಬಾಗಿಲು ತಟ್ಟಲಿ, ತಲೆಯೆತ್ತದೆ "ಒಳಗೆ ಬನ್ನಿ" ಎನ್ನುವುದು ತಾಯಿಯಿಂದ ಬಂದ ರೂಢಿ. ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಬಾರದು, ತಂಪು ಚಹಾ ಕೊಡದೆ ಕಳಿಸಬಾರದು.

ಎರಡು ವರ್ಷದ ಹಿಂದೆ ಆ ರೂಢಿಯೇ ಅವಳ ಹಿರಿಮಗನನ್ನು ನುಂಗಿತು. ಬಿಸಿಲಲ್ಲಿ ನಿಂತಿದ್ದ, ಆ ಸೀಮೆಯ ಪೊಲೀಸ್ ಮುಖ್ಯಸ್ಥನಾದ ಷರೀಫನ ಪೇದೆಗಳಿಗೂ ಬನ್ನಿ ಎಂದಿದ್ದಳು. ಅವಳು ಲೋಟಕ್ಕೆ ಐಸು ಹಾಕುವಷ್ಟರಲ್ಲಿ ಅವರು ಮಗನ ಹಾಸಿಗೆ ಮಗುಚಿದ್ದರು. ಗೆಳೆಯನೊಬ್ಬ ಬಿಟ್ಟುಹೋದ ಚೀಲದಲ್ಲಿ ಪಿಸ್ತೂಲು ಸಿಕ್ಕಿತು. ಕೋರ್ಟಿನಲ್ಲಿ ಸರ್ಕಾರಿ ವಕೀಲ ನಗುತ್ತಲೇ ಕೇಳಿದ: ತಾಯಿಯೇ ಒಳಗೆ ಕರೆದ ಮೇಲೆ ಮನೆ ಶೋಧಿಸಲು ವಾರಂಟ್ ಯಾಕೆ? ಬಡವಳ ಸೌಜನ್ಯವನ್ನೇ ಒಪ್ಪಿಗೆಯೆಂದು ಬರೆದುಕೊಂಡು ಮಗನನ್ನು ಜೈಲಿಗೆ ಕಳಿಸಿದ ಕಾನೂನಿಗೆ ನಾಚಿಕೆಯಾಗಲಿಲ್ಲ. ನಾಚಿಕೆಯೂ ಭಯವೂ ಅವಳ ಪಾಲಿಗೇ ಬಂದವು. ಅಂದಿನಿಂದ ಬಾಗಿಲು ಸದ್ದಾದರೆ ತಾನೇ ಹೋಗಿ ಯಾರೆಂದು ನೋಡುತ್ತಿದ್ದಳು.

ಈಸ್ಟರ್ ಹಿಂದಿನ ಶನಿವಾರ. ಕುರ್ಚಿಯಲ್ಲಿ ಚರ್ಚಿನ ಹಿರಿಯಳು ಮದರ್ ಹ್ಯಾಟಿ. ಸರದಿಗೆ ಕಾಯುತ್ತ ಶಾಲೆಯ ಟೀಚರ್ ರೊಸೆಟ್ಟಾ. ಕಿರಿಮಗ ಲೂಥರ್ ಕೋಳಿ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಒಳಕೋಣೆಯಲ್ಲಿ ಮಲಗಿದ್ದ.

"ಸಂವಿಧಾನದಲ್ಲಿ ಮಾತಾಡೋ ಹಕ್ಕೇ ದೊಡ್ಡದು, ಮದರ್. ಸುಮ್ನೆ ಮೊದಲನೇ ತಿದ್ದುಪಡೀಲಿ ಇಟ್ಟಿದ್ದಾರಾ?" ಎಂದಳು ರೊಸೆಟ್ಟಾ.

"ನಿನಗೆ ಅದನ್ನ ಯಾರೂ ಕೊಡಬೇಕಿರ್ಲಿಲ್ಲ ಬಿಡೇ, ಹುಟ್ಟುವಾಗಲೇ ತಂದಿದ್ದೆ. ಓಟು ಕಣೇ ದೊಡ್ಡದು. ನಮ್ಮಪ್ಪ ಓಟಿಗೆ ಹೆಸರು ಬರೆಸಿದ ವಾರವೇ ಜಮೀನಿನ ಧಣಿ ನಮ್ಮನ್ನ ಮನೆಯಿಂದ ಓಡಿಸ್ದ. ಬರೀ ಮಾತಾಡಿದ್ದಿದ್ರೆ ಓಡಿಸ್ತಿದ್ನಾ?"

"ಓಡಿಸ್ದ ಅಂತ ಹೇಳೋಕೂ ಬಾಯಿ ಬೇಕಲ್ಲ!"

"ವರ್ನಿ, ನೀನು ಹೇಳು. ಯಾವುದು ದೊಡ್ಡದು?"

"ಕಿವಿ ಮಡಚಿ ಹಿಡ್ಕೊಳಿ ಮದರ್, ಸುಡುತ್ತೆ," ಎಂದಷ್ಟೇ ಹೇಳಿ ವರ್ನೀಸ್ ಬಾಚಣಿಗೆಯನ್ನು ಮತ್ತೆ ಉರಿಗಿಟ್ಟಳು.

ಆಗ ಯಾರೋ ಬಾಗಿಲು ತಟ್ಟಿದರು. ನಾಲಿಗೆಯ ತುದಿಗೆ ಬಂದ "ಒಳಗೆ" ಎಂಬ ಮಾತನ್ನು ನುಂಗಿಕೊಂಡು ಹೋಗಿ ನೋಡಿದಳು. ಜಾಲರಿ ಬಾಗಿಲಿನಾಚೆ ಅಂದು ಬಂದಿದ್ದ ಪೇದೆಗಳಲ್ಲೊಬ್ಬ, ಟೋಪಿ ಕೈಯಲ್ಲಿ, ನಗು ಮುಖದಲ್ಲಿ.

"ಮಿಸ್ ವರ್ನಿ, ಆಚೆ ಬೀದೀಲಿ ಕಳ್ಳತನ ಆಗಿದೆ. ನಿಮ್ಮ ಹುಡುಗನ್ನ ಒಂದೆರಡು ಮಾತು ಕೇಳ್ಬೇಕಿತ್ತು. ಒಳಗೆ ಬರ್ಲಾ?"

ಹಿಂದಿನಿಂದ ಕಮರು ವಾಸನೆ ಬಂತು. ಉರಿಯ ಮೇಲೆ ಮರೆತ ಬಾಚಣಿಗೆಯ ಎಣ್ಣೆ ಹೊಗೆಯಾಡುತ್ತಿತ್ತು.

"ಏನೋ ಸುಡ್ತಾ ಇದೆ. ಬಂದು ನೋಡ್ಲಾ?" ಪೇದೆಯ ಕೈ ಆಗಲೇ ಹಿಡಿಕೆಯ ಮೇಲಿತ್ತು. ಒಳಕೋಣೆಯಲ್ಲಿ ಲೂಥರ್ ಕೆಮ್ಮಿದ.

"ರೊಸೆಟ್ಟಾ, ಒಲೆ ಆರ್ಸೇ!" ಪೇದೆಯಿಂದ ಕಣ್ಣು ಕೀಳದೆ ಕೂಗಿ, ಚಿಲಕವನ್ನು ಒತ್ತಿಹಿಡಿದಳು. "ವಾರಂಟ್ ಇದೆಯಾ?"

"ಇಷ್ಟಕ್ಕೆಲ್ಲ ಯಾಕಮ್ಮ ಅದು? ಹೋದ ಸಲ ಎಷ್ಟು ಚೆನ್ನಾಗಿ ಚಹಾ ಕೊಟ್ಟಿದ್ರಿ."

"ಹೋದ ಸಲ ಮಗನ್ನೂ ಕೊಟ್ಟೆ. ಒಳಗೆ ಬರೋ ಹಾಗಿಲ್ಲ."

ಪೇದೆ ನಗುವುದನ್ನು ನಿಲ್ಲಿಸಿದ. ಟೋಪಿ ಹಾಕಿಕೊಂಡ, ಇಳಿದುಹೋದ. ಆದರೆ ಅವನ ಕಾರು ಹೊರಡಲಿಲ್ಲ. ಎದುರಿಗೇ ಎಂಜಿನ್ ಗುರುಗುಡುತ್ತ ನಿಂತಿತು.

ವರ್ನೀಸ್ ಮತ್ತೆ ಬಾಚಣಿಗೆ ಹಿಡಿದಳು, ಕಣ್ಣು ಮಾತ್ರ ಬಾಗಿಲಾಚೆಯ ಕಾರಿನ ಮೇಲೇ ಇತ್ತು. ಮದರ್ ಹ್ಯಾಟಿ ತಾನಾಗಿಯೇ ಕಿವಿ ಮಡಚಿ ಹಿಡಿದಳು. "ಇವತ್ತು ಸುಟ್ರೂ ಪರವಾಗಿಲ್ಲ, ಬಾಚು ಮಗಳೇ."

ಸಂಜೆ ಲೂಥರ್ ಊಟದ ಡಬ್ಬಿ ಹಿಡಿದು ಹೊರಬಂದ.

"ಇವತ್ತೊಂದಿನ ಹೋಗ್ಬೇಡ್ವೋ."

"ಇನ್ನೊಂದು ರಜಾ ಹಾಕಿದ್ರೆ ಕೆಲಸದಿಂದ ತೆಗೀತಾರಮ್ಮ. ನಾನೇನು ಮಾಡಿದ್ದೀನಿ?"

ಅವಳು ಹಿಡಿದುಕೊಂಡ ಹಕ್ಕು ಹೊಸ್ತಿಲವರೆಗೆ ಮಾತ್ರ. ಆಚೆ ಕಾರು ಇನ್ನೂ ನಿಂತಿತ್ತು. "ಕೈ ಎರಡೂ ಅವರಿಗೆ ಕಾಣೋ ಹಾಗಿಟ್ಕೋ, ಪಿಸ್ತೂಲು ಇದೆ ಅಂದ್ಕೊಂಡಾರು," ಎಂದು ಚಿಲಕ ತೆಗೆದಳು.