ಬಾಯಿಗೆ ಕೈ ಇಟ್ಟುಕೊಂಡು ಹೋದವಳು

ಆಗ ನನಗೆ ಅರವತ್ತೈದು. ನಾಲ್ಕು ವರ್ಷದ ಹಿಂದಿನ ಮಾತು. ಜರ್ಮನಿಯ ಆ ಹುಡುಗಿಗೆ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. ಹೆಸರು ಲೇನಾ. ನಮ್ಮ ನಾಲಗೆಯಲ್ಲಿ ಲೀಲಾ ಆದಳು. ಮಾವಳ್ಳಿಯ ಶಾಲೆಯಲ್ಲಿ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಬಂದವಳು, ಮಳೆಗಾಲ ಮುಗಿದಾಗಿನಿಂದ ಸೆಕೆ ಶುರುವಾಗುವವರೆಗೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಳು.

ಮುಳ್ಳಿಗೆ ಹೆದರಿ ಬಂಗಡೆ ಮೀನನ್ನು ಹಿಟ್ಟು ಮಾಡಿಕೊಂಡು ತಿನ್ನುವಳು. ಅಂಗಳ ಗುಡಿಸುತ್ತೇನೆಂದು ಹೋಗಿ ಹಿಡಿಸೂಡಿಯನ್ನೇ ಬಿಚ್ಚಿ ಹಾಕಿದಳು. ಕನ್ನಡ ಕಲಿತದ್ದು ಶಾಲೆ ಮಕ್ಕಳಿಂದ. ಅದರಲ್ಲಿ ಒಂದು ಮಾತು ಬಾಯಿಗೆ ಹತ್ತಿಬಿಟ್ಟಿತ್ತು: "ಎಲ್ಲಿಗೆ ಹೊಂಟ್ರಿ?" ಬಸ್ಸಿನ ಕಂಡಕ್ಟರನಿಗೂ ಅದನ್ನೇ ಕೇಳುವಳು, ಕೋಳಿಗೂ ಅದನ್ನೇ.

"ಹೊಂಟವ್ರಿಗೆ ಎಲ್ಲಿಗೆ ಅಂತ ಕೇಳ್ಬಾರ್ದು ಮಾರಾಯ್ತಿ, ಆಗೂದಿಲ್ಲ," ಎಂದಿದ್ದೆ.

"ಆಗೂದಿಲ್ಲ ಅಂದ್ರೆ ಎಂತ, ಅಮ್ಮಾ?" ಎಂದು ನಕ್ಕಿದ್ದಳು.

ಅವಳು ಊರಿಗೆ ಹೊರಡುವ ದಿನ ಬೆಳಗ್ಗೆ ನನ್ನ ಮಗ ಮಂಜ ದೋಣಿಗೆ ಹೊರಟ. ಬಟ್ಟೆ ತುಂಬುತ್ತಿದ್ದವಳು ಕಿಟಕಿಯಿಂದ ಕೂಗಿದಳು: "ಮಂಜಣ್ಣಾ, ಎಲ್ಲಿಗೆ ಹೊಂಟ್ರಿ?"

ಹಾಗೆ ಕೇಳಿಸಿಕೊಂಡವರು ಒಳಗೆ ಬಂದು ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. "ಕೂತ್ಕಂಡು ಹೋಗೋ," ಎಂದೆ.

"ನಿಂದೊಂದು! ಗಾಳಿ ಏಳೂದ್ರೊಳಗೆ ಬಲೆ ಹಾಕ್ಬೇಕು. ಮಧ್ಯಾಹ್ನ ಬಂದು ಇವ್ಳನ್ನ ಗಾಡಿ ಹತ್ತಿಸ್ತೆ," ಎಂದು ಹೋದ.

ಮಧ್ಯಾಹ್ನವಾಯಿತು. ಜೊತೆಗೆ ಹೋದ ದೋಣಿಗಳೆಲ್ಲ ದಡಕ್ಕೆ ಬಂದವು, ಮಂಜನದು ಬರಲಿಲ್ಲ. ಫೋನ್ ಹತ್ತಲಿಲ್ಲ. ಗಾಳಿ ತಿರುಗಿ ನೀರು ಕಪ್ಪಾಗಿತ್ತು. ನನ್ನ ಗಂಡ ಹೋದದ್ದೂ ಇದೇ ನೀರಿನಲ್ಲಿ.

ಪಕ್ಕದ ಮನೆಯ ದುರ್ಗಿ ಸುಮ್ಮನಿರಬಾರದೆ? "ನಿಮ್ಮ ಬಿಳಿ ಹುಡ್ಗಿ ಬಾಯಿ ಹಾಕ್ತಲ್ಲ ಅಕ್ಕಾ! ನನ್ನ ಕಿವಿಯಲ್ಲೇ ಕೇಳಿದ್ದೆ."

"ನಿನ್ನ ಬಾಯಿಗಿಂತ ಅದ್ರದ್ದು ವಾಸಿ. ಮನೆಗೆ ಹೋಗು," ಎಂದೆ.

ಆದರೆ ಲೀಲಾಗೆ ತಿಳಿದುಹೋಗಿತ್ತು. ಅಷ್ಟು ಕನ್ನಡ ಅವಳಿಗೆ ಬಂದಿತ್ತು. ಮುಖ ಬೂದಿಯಾಯಿತು.

"ಅಮ್ಮಾ, ನಾನು ಕೇಳ್ದೆ... ಮಂಜಣ್ಣ ಬರೂದಿಲ್ಲ?"

"ಸಮುದ್ರಕ್ಕೆ ಕನ್ನಡ ಬರೂದಿಲ್ಲ. ಸುಮ್ನೆ ಕೂರು."

ಹೇಳಿದೆ ಅಷ್ಟೆ, ನನಗೇ ನಂಬಿಕೆಯಿರಲಿಲ್ಲ. ಅವಳ ಕಡೆ ನೋಡಲೂ ಹೆದರಿಕೆ. ನೋಡಿದರೆ ಎಲ್ಲಿ ಒಂದು ಹೊಡೆದುಬಿಡುತ್ತೇನೋ ಎಂದು.

ಸ್ಟೇಷನ್ನಿಗೆ ಕರೆದೊಯ್ಯುವ ಗಾಡಿ ಬಂತು. ಲೀಲಾ ಹತ್ತಲೊಲ್ಲಳು. ಮಂಜ ಬರುವ ತನಕ ಇಲ್ಲೇ ಎಂದು ಮರಳು ತೋರಿಸಿದಳು. "ವಿಮಾನ ನಿಂಗಾಗಿ ಕಾಯ್ತದಾ? ಹತ್ತು!" ಎಂದು ರಟ್ಟೆ ಹಿಡಿದು ಒಳಗೆ ತಳ್ಳಿದೆ.

"ಮಾತಾಡ್ಸಿ ಕಳ್ಸಿ ಅಮ್ಮಾ, ದೂರದ ಹುಡ್ಗಿ," ಎಂದ ಡ್ರೈವರ್.

ನಾನು ಅವಳ ಚೀಲ ಒಳಗಿಟ್ಟು ಬಾಗಿಲು ಹಾಕಿದೆ. ಅವಳೋ, ಇನ್ನೊಂದು ತಪ್ಪು ಮಾತು ಹೊರಗೆ ಬಿದ್ದೀತೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಾಡಿ ತಿರುವು ದಾಟುವವರೆಗೂ ಆ ಕೈ ತೆಗೆಯಲಿಲ್ಲ.

ಮುಸ್ಸಂಜೆಗೆ ಹೊನ್ನಾವರದ ದೋಣಿಯೊಂದು ಮಂಜನ ದೋಣಿಗೆ ಹಗ್ಗ ಕಟ್ಟಿ ಎಳೆದು ತಂದಿತು. ಇಂಜಿನ್ನಿಗೆ ನೀರು ಹೊಕ್ಕಿತ್ತು, ಫೋನ್ ಸಮುದ್ರದ ಪಾಲು. ಗಂಜಿ ಉಂಡು ಮಲಗಿದ. ಲೀಲಾ ಗೋಡೆಗೆ ಬರೆದಿಟ್ಟ ನಂಬರಿಗೆ ದುರ್ಗಿಯ ಫೋನಿನಿಂದ ಮಾಡಿದರೆ ಸ್ವಿಚ್ ಆಫ್. ಮಗ ಬಂದ ಮೇಲೆ ನನಗೆ ಬೇರೆಯೇ ಹೆದರಿಕೆ ಹತ್ತಿತು. ಆ ಹುಡುಗಿ ಅವನನ್ನು ಕೊಂದೆನೆಂದುಕೊಂಡೇ ದೇಶ ಮುಟ್ಟಿದರೆ?

ಮರುದಿನ ಬೆಳಗ್ಗೆ ಮುಖ ತೊಳೆಯದೆ ದುರ್ಗಿಯ ಮನೆಗೆ ಹೋಗಿ ಮತ್ತೆ ಫೋನ್ ಮಾಡಿಸಿದೆ. ಹತ್ತಿತು. ಆ ಕಡೆ ಮಾತಿಲ್ಲ, ಉಸಿರು ಮಾತ್ರ.

"ಮಂಜ ಬಂದ. ಉಂಡ. ಮಲಗಿದಾನೆ," ಎಂದೆ.

ಸಣ್ಣಗೆ, "ಆತು, ಅಮ್ಮಾ," ಎಂದಳು. ಅವಳ ದನಿ ಕೇಳಿದ್ದು ಅದೇ ಕೊನೆ.

ಫೋನನ್ನು ದುರ್ಗಿಯ ಕೈಗೆ ಕೊಟ್ಟೆ. ಬೇರೆಯವರ ದೋಣಿಯ ಬಂಗಡೆ ಬುಟ್ಟಿಗೆ ತುಂಬಿಕೊಂಡು, ಎಂದಿನಂತೆ ಕಾಯ್ಕಿಣಿ ಊರೊಳಗೆ ಮಾರಲು ಹೋದೆ.